ಫೋನಿಕ್ಸ್ ಕ್ಲಾಸಿಗೆ ಫೀಸು ಕಟ್ಟೋ ಮೊದಲು...

ಈಗ ನಮ್ಮ ಬೆಂಗಳೂರಿನಲ್ಲಿ ಯಾವ ಅಪಾರ್ಟ್‌ಮೆಂಟಿನ ನೋಟೀಸ್ ಬೋರ್ಡ್ ನೋಡಿದರೂ ಒಂದು ಫೋನಿಕ್ಸ್ ಕ್ಲಾಸಿನ ಜಾಹೀರಾತು ಇದ್ದೇ ಇರುತ್ತದೆ. ಮೂರೂವರೆ ವರ್ಷದಿಂದ ಆರು ವರ್ಷದ ಮಕ್ಕಳಿಗೆ, ವಾರಕ್ಕೆ ಎರಡು ದಿನ. ಅದರ ಪಕ್ಕದಲ್ಲೇ ಅಬ್ಯಾಕಸ್. ಎರಡಕ್ಕೂ ಒಟ್ಟಿಗೆ ಸೇರಿಸಿದರೆ ಡಿಸ್ಕೌಂಟು. ಪಾರ್ಕಿನಲ್ಲಿ ಸಿಕ್ಕವರು "ನಿಮ್ಮ ಮಗಳನ್ನ ಇನ್ನೂ ಹಾಕಿಲ್ವಾ?" ಅಂತ ಕೇಳುತ್ತಾರೆ, ಪೋಲಿಯೋ ಹನಿ ಹಾಕಿಸಿಲ್ವಾ ಅನ್ನೋ ಧಾಟಿಯಲ್ಲಿ.

ಹಾಕಿಲ್ಲ. ಹಾಕೋದೂ ಇಲ್ಲ. ಯಾಕೆ ಅಂತ ಹೇಳೋದಕ್ಕೇ ಇದನ್ನು ಬರೀತಿದ್ದೀನಿ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಫೋನಿಕ್ಸ್ ಮೇಲೆ ಸಿಟ್ಟಿಲ್ಲ. ಇಂಗ್ಲಿಷ್ ಓದು ಕಲಿಸೋದಕ್ಕೆ ಅದು ಬೇಕೇ ಬೇಕು. ಇಂಗ್ಲಿಷಿನ ಅಕ್ಷರಕ್ಕೆ ಹೆಸರು ಒಂದು, ಸದ್ದು ಇನ್ನೊಂದು. ಸಿ, ಎ, ಟಿ ಅಂತ ಎಷ್ಟು ಸಲ ಕೂಗಿದರೂ ಅದರಿಂದ 'ಕ್ಯಾಟ್' ಹುಟ್ಟುವುದಿಲ್ಲ, 'ಸಿಯೇಟಿ' ಹುಟ್ಟುತ್ತದೆ! ಅದಕ್ಕೇ ಅಕ್ಷರದ ಹೆಸರು ಪಕ್ಕಕ್ಕಿಟ್ಟು ಸದ್ದು ಕಲಿಸುವ ವಿದ್ಯೆಯನ್ನು ಅವರು ಕಂಡುಕೊಂಡರು. ಅಕ್ಷರ ಅಂದರೆ ಸದ್ದಿನ ಗುರುತು, ಸದ್ದುಗಳನ್ನು ಜೋಡಿಸಿದರೆ ಮಾತು. ಇಷ್ಟೇ ಫೋನಿಕ್ಸ್.

ಈಗ ಯೋಚನೆ ಮಾಡಿ. ಈ ಗುಟ್ಟನ್ನು ಒಂದು ಮಗುವಿಗೆ ಸುಲಭವಾಗಿ ಹೇಳಿಕೊಡಬೇಕು ಅಂದರೆ ಯಾವ ಭಾಷೆ ಆರಿಸಿಕೊಳ್ಳಬೇಕು? ಅಕ್ಷರದ ಹೆಸರೇ ಸದ್ದಾಗಿರುವ ಭಾಷೆಯನ್ನು ತಾನೇ? ಮ ಅಂದರೆ ಮ. ರ ಅಂದರೆ ರ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಮರ. ಮಧ್ಯದಲ್ಲಿ ಯಾವ ಮಾಯೆಯೂ ಇಲ್ಲ, ಯಾವ ಅಕ್ಷರವೂ ಬಾಯಿ ಮುಚ್ಚಿಕೊಂಡು ಕೂತಿಲ್ಲ. ಜೊತೆಗೆ 'ಮರ' ಅಂದರೇನು ಅಂತ ಆ ಮಗುವಿಗೆ ಎರಡು ವರ್ಷದಿಂದಲೇ ಗೊತ್ತು. ನನ್ನ ಅಭಿಪ್ರಾಯ ಇಷ್ಟೇ: ಕನ್ನಡ ಮಾತಾಡುವ ಮನೆಯ ಮಗು ಮೊದಲ ಓದು, ಮೊದಲ ಬರಹ, ಮೊದಲ ಎಣಿಕೆ ಮೂರನ್ನೂ ಕನ್ನಡದಲ್ಲೇ ಕಲಿಯಬೇಕು. ಶಾಲೆ ಯಾವ ಮೀಡಿಯಮ್ಮೇ ಇರಲಿ. ಅಭಿಮಾನ ಗಿಭಿಮಾನದ ಮಾತು ಆಮೇಲೆ. ನಾನು ಹೇಳುತ್ತಿರುವುದು ಮಗುವಿನ ಅನುಕೂಲದ ಮಾತು.

ಇದು ಬರೀ ನನ್ನ ತಲೆಯ ಲೆಕ್ಕಾಚಾರ ಅಲ್ಲ. 2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳ ಓದನ್ನು ಹೋಲಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಶಾಲೆಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ಫಿನ್ಲೆಂಡಿನ ಮಕ್ಕಳು ಕೊಟ್ಟ ಸರಳ ಪದಗಳಲ್ಲಿ ನೂರಕ್ಕೆ 98ನ್ನು ಸರಿಯಾಗಿ ಓದಿದರು. ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು 34. ಸ್ಕಾಟ್ಲೆಂಡಿನ ಮಕ್ಕಳು ವಯಸ್ಸಿನಲ್ಲಿ ಚಿಕ್ಕವರು, ಫಿನ್ಲೆಂಡಿನಲ್ಲಿ ಒಂದನೇ ಕ್ಲಾಸು ಶುರುವಾಗೋದೇ ಏಳನೇ ವರ್ಷಕ್ಕೆ, ನಿಜ. ಆದರೆ ವಯಸ್ಸೊಂದೇ ಕಾರಣ ಅಲ್ಲ, ಬರಹದ ಸ್ವಭಾವವೂ ಕಾರಣ ಅಂತ ಸಂಶೋಧಕರು ಹೇಳಿದರು. ಫಿನ್ನಿಶ್‌ನಲ್ಲಿ ಬರೆದಂತೆ ಓದು, ಇಂಗ್ಲಿಷಿನಲ್ಲಿ ಹಾಗಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಮಕ್ಕಳ ಪಾಡು ಇದು. ಇನ್ನು ಮನೆಯಲ್ಲಿ "ಅಮ್ಮಾ ಹಸಿವು" ಅನ್ನುವ ನಮ್ಮ ಮಕ್ಕಳು, ಅರ್ಥ ಗೊತ್ತಿಲ್ಲದ ಮಾತಿನ ಸ್ಪೆಲಿಂಗ್ ಉರು ಹೊಡೆಯೋದನ್ನ ನೆನೆಸಿಕೊಳ್ಳಿ.

ಹಾಗಂತ ಕನ್ನಡ ಅಂದ ಮಾತ್ರಕ್ಕೆ ಎಲ್ಲ ಸಲೀಸು ಅಂತ ಅಲ್ಲ. ನಮ್ಮ ದೇಶದ ಹಳ್ಳಿಗಳಲ್ಲಿ 'ಅಸರ್' ಸಮೀಕ್ಷೆ 2005ರಿಂದ ನಡೆಯುತ್ತಿದೆ. ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 27.3, ಕೊರೋನಾ ಕಳೆದ ಮೇಲೆ 2022ರಲ್ಲಿ 20.5, 2024ರಲ್ಲಿ ಮತ್ತೆ 27.1. ಈ ಮಕ್ಕಳಲ್ಲಿ ಬಹುಪಾಲು ಕಲಿಯುತ್ತಿರೋದು ಅವರವರ ರಾಜ್ಯದ ಭಾಷೆಯಲ್ಲೇ. ಅಂದರೆ ಭಾಷೆ ಅರ್ಧ ಕೆಲಸ ಮಾಡಿಕೊಡುತ್ತದೆ, ಉಳಿದರ್ಧ ಕಲಿಸುವ ರೀತಿಯಲ್ಲಿದೆ. ಅಲ್ಲೇ ನಾವು ಎಡವೋದು.

ಎಲ್ಲಿ ಎಡವುತ್ತೀವಿ ಅಂದರೆ, ಮೊದಲ ಹೆಜ್ಜೆಯಲ್ಲೇ. ಅ ಆ ಇ ಈ ಅಂತ ಶುರು ಮಾಡಿ ಳಕಾರ ಮುಟ್ಟುವ ತನಕ 49 ಅಕ್ಷರ ತಿದ್ದಿಸುತ್ತೀವಿ. ಆ ಕ್ರಮ ಬಹಳ ಚೆಂದದ ಕ್ರಮವೇ, ಗಂಟಲಿಂದ ತುಟಿಯ ತನಕ ಸದ್ದು ಹುಟ್ಟುವ ಜಾಗ ನೋಡಿ ಜೋಡಿಸಿದ್ದು. ಆದರೆ ಅದು ವ್ಯಾಕರಣ ಬಲ್ಲವರ ಕ್ರಮ, ಬಳಪ ಹಿಡಿದ ಮಗುವಿನದಲ್ಲ. ನಾಲ್ಕನೇ ದಿನಕ್ಕೇ 'ಈ' ಬರೆಯಬೇಕು, ಏಳನೆಯದು 'ಋ'! ಎಷ್ಟು ತಿದ್ದಿದರೂ ಓದಲಿಕ್ಕೆ ಒಂದು ಪದ ಸಿಕ್ಕೋದಿಲ್ಲ.

ನಮ್ಮ ಸರ್ಕಾರಿ ಪಠ್ಯಪುಸ್ತಕದವರು ಈ ವಿಷಯದಲ್ಲಿ ಜಾಣರು. "ರ ಗ ಸ ದ ಅ" ನೆನಪಿದೆಯಾ? ಅದನ್ನು ನೋಡಿ ನಕ್ಕವರೇ ಜಾಸ್ತಿ, "ಇದೆಂಥಾ ವರ್ಣಮಾಲೆ" ಅಂತ. ಆದರೆ ಲೆಕ್ಕ ನೋಡಿ. ಕೈಗೆ ಹತ್ತಿರ ಹತ್ತಿರ ಇರುವ ಐದು ಆಕಾರ. ಐದು ಕಲಿತ ದಿನವೇ ಸರ, ರಸ, ದರ, ಅರಸ, ಅಗಸ, ಗರಗಸ ಓದಬಹುದು. ಆಮೇಲಿನ ಐದು ಜ ವ ಮ ಬ ನ. ಈಗ ಮರ, ಜನ, ವನ, ನಗ, ಗಮನ. ಅಷ್ಟೇ ಅಲ್ಲ, "ಬಸವ ಅವನ ಮಗ" ಅಂತ ಒಂದು ಪೂರ್ತಿ ವಾಕ್ಯ! ಹತ್ತೇ ಅಕ್ಷರ, ಒಂದೂ ಕಾಗುಣಿತ ಇಲ್ಲ, ಒಂದೂ ಒತ್ತು ಇಲ್ಲ, ಮಗು ವಾಕ್ಯ ಓದಿಬಿಟ್ಟಿತು. ತಾನು ಓದಬಲ್ಲೆ ಅಂತ ಅದಕ್ಕೆ ಗೊತ್ತಾಯಿತು. ಅದಕ್ಕಿಂತ ದೊಡ್ಡ ಬಹುಮಾನ ಯಾವ ಕ್ಲಾಸಿನವರೂ ಕೊಡಲಾರರು.

ಹಾಗೇ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು. 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಾರ್ಡುಗಳು, ಗುಂಪುಗಳು, ಕಲಿಕೆಯ ಏಣಿ. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ತಾನು. ನಡೆಸುವ ಟೀಚರು ಸುಸ್ತಾಗಿದ್ದರೆ ಅದು ಬರೀ ಕಾರ್ಡು ಹಂಚುವ ಕೆಲಸ ಆಗುತ್ತದೆ ಅನ್ನೋ ದೂರು ಇದೆ, ಇರಲಿ. ಆದರೆ ಅದರ ಒಳಗಿನ ಮಾತು ಸರಿ: ಒಂದೇ ವಯಸ್ಸಿನವರೆಲ್ಲ ಒಂದೇ ದಿನ ಒಂದೇ ಪಾಠಕ್ಕೆ ಸಿದ್ಧ ಇರೋದಿಲ್ಲ.

ಇನ್ನು ಸ್ಪೆಲಿಂಗು. ಕನ್ನಡದಲ್ಲಿ ಸ್ಪೆಲಿಂಗ್ ಇಲ್ಲ ಅಂತ ನಾವು ಬೀಗೋದುಂಟು. ಪೂರ್ತಿ ನಿಜ ಅಲ್ಲ. 34 ವ್ಯಂಜನಕ್ಕೆ ಕಾಗುಣಿತದ 15 ರೂಪ, ಗುಣಿಸಿದರೆ 510! ಅದರಲ್ಲಿ ಕೆಲವು ಬಳಕೆಗೇ ಬರೋದಿಲ್ಲ ಅನ್ನಿ. ಮೇಲೆ ಒತ್ತಕ್ಷರ. ಸೂರ್ಯ ಬರೆಯುವಾಗ ಕಿವಿಗೆ ಮೊದಲು ಬೀಳುವ ರಕಾರ ಕೈಗೆ ಕೊನೆಗೆ ಬರುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರ ಸಂಪಾದನೆ ಒಂದೆರಡು ವರ್ಷದಲ್ಲಿ ಮುಗಿಯುವಂಥದ್ದಲ್ಲ, ಮೇಲಿನ ಕ್ಲಾಸುಗಳಿಗೂ ಮುಂದುವರಿಯುತ್ತದೆ ಅಂತ ತೋರಿಸಿದ್ದಾರೆ. ಕನ್ನಡದ ದಾರಿ ಶುರುವಿನಲ್ಲಿ ಸಲೀಸು, ಆದರೆ ಉದ್ದ. ಆದ್ದರಿಂದ ಅವಸರ ಮಾಡಬಾರದು. ಯುಕೆಜಿ ಮಗುವಿನ ಕೈಲಿ 'ಸ್ವಾತಂತ್ರ್ಯ' ಬರೆಸಿ ವೀಡಿಯೋ ಮಾಡಿ ಹಂಚೋರಿದ್ದಾರಲ್ಲ, ಅವರಿಗೊಂದು ದೊಡ್ಡ ನಮಸ್ಕಾರ.

ಕೆಂಪು ಇಂಕಿನ ವಿಷಯ ಕೂಡ ಇಲ್ಲೇ ಹೇಳಬೇಕು. ನಮ್ಮ ಹಳೇ ಮೈಸೂರು ಕಡೆ ಮಗುವೊಂದು 'ಹಾಲು' ಅನ್ನೋದನ್ನ 'ಆಲು' ಅಂತ ಬರೆದರೆ, ಅಥವಾ ತುಂಬಾ ಹುಷಾರಾಗಿ 'ಆನೆ'ಯನ್ನ 'ಹಾನೆ' ಮಾಡಿದರೆ ನಗಬೇಡಿ, ಗೀಟು ಹಾಕಬೇಡಿ. ಅದು ತನ್ನ ಕಿವಿಗೆ ಬಿದ್ದಿದ್ದನ್ನು ಅಕ್ಷರಕ್ಕೆ ಇಳಿಸಿದೆ. ಅಂದರೆ ಮುಖ್ಯ ವಿದ್ಯೆ ಅದಕ್ಕೆ ಬಂದಿದೆ ಅಂತ ಅರ್ಥ. ಹಕಾರ ಇವತ್ತಲ್ಲ ನಾಳೆ ಬರುತ್ತದೆ, ಓದುತ್ತಾ ಓದುತ್ತಾ ಬರುತ್ತದೆ. ಬರೆಯೋ ಧೈರ್ಯ ಹೋದರೆ ಮಾತ್ರ ವಾಪಸ್ ಬರೋದು ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಇದರ ಬಗ್ಗೆ ಯಾರೂ ಮಾತಾಡೋದೇ ಇಲ್ಲ. ಇವತ್ತು ಎಷ್ಟು ಕನ್ನಡದ ಮನೆಗಳಲ್ಲಿ ಮಕ್ಕಳು ಹದಿಮೂರು, ಹದಿನಾಲ್ಕು ಅಂತಾರೆ ಹೇಳಿ? ಅಜ್ಜಿಯ ಜೊತೆ ಅಚ್ಚ ಕನ್ನಡದಲ್ಲಿ ಹರಟುವ ಮಗು ಎಣಿಸೋದಕ್ಕೆ ಕೂತರೆ ವನ್ ಟೂ ತ್ರೀ. "ನಲವತ್ತು ರೂಪಾಯಿ" ಅಂದರೆ "ಅಂದ್ರೆ ಎಷ್ಟು?" ಅಂತ ಕೇಳುತ್ತದೆ. ನಾವು ಎಂಥ ಒಳ್ಳೇ ಉಪಕರಣ ಎಸೆಯುತ್ತಿದ್ದೀವಿ ಅನ್ನೋ ಅರಿವೇ ನಮಗಿಲ್ಲ.

ಇಂಗ್ಲಿಷಿನ 'ತರ್ಟೀನ್'ನಲ್ಲಿ ಮೂರು ಮೊದಲು ಕೇಳಿಸುತ್ತದೆ, ಹತ್ತು ಆಮೇಲೆ. ಬರೆಯುವಾಗ ಉಲ್ಟಾ, 1 ಮೊದಲು, 3 ಆಮೇಲೆ. ಮಕ್ಕಳು 13ರ ಬದಲು 31 ಬರೆಯೋದಕ್ಕೆ ಇದೂ ಒಂದು ಕಾರಣ. 'ಫೋರ್ಟೀನ್' ಮತ್ತು 'ಫಾರ್ಟಿ' ಕಿವಿಗೆ ಅಣ್ಣತಮ್ಮಂದಿರು. 'ಇಲೆವೆನ್', 'ಟ್ವೆಲ್ವ್' ಒಳಗೆ ಹತ್ತು ಎಲ್ಲಿದೆ ಅಂತ ಹುಡುಕಿದರೂ ಕಾಣದು. ಕನ್ನಡದಲ್ಲಿ? ಹದಿ-ಮೂರು. ಹತ್ತು ಮೊದಲು, ಮೂರು ಆಮೇಲೆ, ಬರೆಯುವ ಕ್ರಮವೇ ಹೇಳುವ ಕ್ರಮ. ಇಪ್ಪತ್ತು ಅಂದರೆ ಎರಡು ಹತ್ತು, ಮೂವತ್ತು ಅಂದರೆ ಮೂರು ಹತ್ತು, ಐವತ್ತು ಅಂದರೆ ಐದು ಹತ್ತು. ಇಪ್ಪತ್ತ-ಮೂರು, 23. ತೊಂಬತ್ತು ಒಂದು ಸ್ವಲ್ಪ ತಂಟೆಕೋರ, ಅದನ್ನು ಬಿಟ್ಟರೆ ಸ್ಥಾನಬೆಲೆಯ ಪಾಠ ಆ ಹೆಸರುಗಳ ಒಳಗೇ ಇದೆ.

ಚೀನೀ ಭಾಷೆಯಲ್ಲೂ ಹೀಗೇ, ಹನ್ನೊಂದಕ್ಕೆ 'ಹತ್ತು ಒಂದು' ಅಂತಲೇ ಹೆಸರು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ ಮತ್ತು ಅಮೆರಿಕದ ಪುಟಾಣಿಗಳ ಎಣಿಕೆಯನ್ನು ಹೋಲಿಸಿದ್ದರು. ಹತ್ತರ ತನಕ ಇಬ್ಬರೂ ಸಮಸಮ. ಹತ್ತು ದಾಟಿದ ಮೇಲೆ ಅಮೆರಿಕದ ಮಕ್ಕಳು ಎಡವತೊಡಗಿದರು. ನಮ್ಮ ಮಕ್ಕಳ ನಾಲಿಗೆಯ ಮೇಲೆ ಪುಕ್ಕಟೆಯಾಗಿ ಇರಬಹುದಾದ ಅನುಕೂಲವನ್ನು ನಾವೇ ಒರೆಸಿ ಹಾಕಿ, ಆಮೇಲೆ ಅಬ್ಯಾಕಸ್ಸಿಗೆ ಫೀಸು ಕಟ್ಟುತ್ತೀವಿ!

"ಹಾಗಾದ್ರೆ ಇಂಗ್ಲಿಷ್ ಬೇಡ್ವಾ?" ಬೇಕು ಸ್ವಾಮಿ, ಖಂಡಿತ ಬೇಕು. ಮಾಧ್ಯಮ ಆರಿಸುವ ಹಕ್ಕು ನಿಮ್ಮದೇ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವ ಹಾಗಿಲ್ಲ ಅಂತ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಜಗಳ ಇಲ್ಲಿ ಬೇಡ. ನನ್ನ ಮಾತು ಏನಂದರೆ, ಅಕ್ಷರ ಅಂದರೆ ಸದ್ದು ಅನ್ನೋ ಗುಟ್ಟು ಮನುಷ್ಯನಿಗೆ ಒಂದೇ ಸಲ ಹೊಳೆಯಬೇಕಾದ್ದು, ಈಜು ಕಲಿತ ಹಾಗೆ. ಕೆರೆಯಲ್ಲಿ ಕಲಿತವನು ನದಿಯಲ್ಲೂ ಈಜುತ್ತಾನೆ, ಪ್ರವಾಹಕ್ಕೆ ಸ್ವಲ್ಪ ಹೊಂದಿಕೊಂಡರೆ ಆಯಿತು. ಮೊದಲ ದಿನವೇ ನದಿಗೆ ತಳ್ಳೋದು ಯಾಕೆ? ಮನೆಮಾತಿನಲ್ಲೇ ಕಲಿಕೆ ಶುರುವಾಗಲಿ ಅಂತ ಯುನೆಸ್ಕೋ 1953ರಲ್ಲೇ ಹೇಳಿತು, ನಮ್ಮ 2020ರ ಶಿಕ್ಷಣ ನೀತಿಯೂ ಹೇಳುತ್ತದೆ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆದವರಿಗೂ ಇದೇ ಮಾತು: ಎಣಿಕೆ, ಕತೆ ನಿಮ್ಮ ಭಾಷೆಯಲ್ಲಿ ಶುರುವಾಗಲಿ. ಅಕ್ಷರಕ್ಕೆ ಮಗು ಬೀದಿಯಲ್ಲಿ ಆಡಿ ಕಲಿತ ಕನ್ನಡವೂ ಸಾಕು.

ಇದಕ್ಕೆ ಏನೂ ದೊಡ್ಡ ಸಿದ್ಧತೆ ಬೇಡ. ದಿನಕ್ಕೆ ಒಂದು ಕಾಲು ಗಂಟೆ. ಹತ್ತು ಅಕ್ಷರ ಬಂದ ಕೂಡಲೇ ಪದ, ಪದ ಬಂದ ಕೂಡಲೇ ವಾಕ್ಯ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು ಬೆಂಗಳೂರಿನ ತುಂಬಾ ಪುಕ್ಕಟೆ ಪಾಠ. ಮಲಗುವಾಗ ಬೆರಳಿಟ್ಟು ತೋರಿಸುತ್ತಾ ಒಂದು ಪುಸ್ತಕ, ರಾಜರತ್ನಂ ಅವರ ಪದ್ಯಗಳಿವೆ. ಕೊಳ್ಳೋದು ಕಷ್ಟವಾದರೆ ಪ್ರಥಮ್ ಬುಕ್ಸಿನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಹಂತಹಂತವಾಗಿ ಉಚಿತವಾಗೇ ಸಿಗುತ್ತವೆ. ಲೆಕ್ಕಕ್ಕೆ ಹುಣಸೆ ಬೀಜ, ಚೌಕಾಬಾರ, ಹತ್ತತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ಒಂದು ಕಟ್ಟು, ಮೂರು ಬಿಡಿ, ಹದಿಮೂರು. ಕಣ್ಣಿಗೂ ಕಿವಿಗೂ ಒಂದೇ ಉತ್ತರ. ಮಗ್ಗಿ ಆಮೇಲೆ ಬರಲಿ. ಇಷ್ಟಾದ ಮೇಲೆ ಫೋನಿಕ್ಸ್ ಬೇಕಾದರೆ ಸಂತೋಷವಾಗಿ ಕಲಿಸಿ, ಅರ್ಧ ದಾರಿ ಆಗಲೇ ಮುಗಿದಿರುತ್ತದೆ.

ನನ್ನನ್ನು ನಿಜವಾಗಿ ಕಾಡೋದು ಫೀಸಲ್ಲ. ನಾಲ್ಕು ವರ್ಷಕ್ಕೇ ಡಿಕ್ಟೇಶನ್‌ನಲ್ಲಿ ಹತ್ತಕ್ಕೆ ಮೂರು ತಗೊಂಡು "ನಂಗೆ ಬರಲ್ಲ" ಅಂತ ಕೂರುವ ಮಕ್ಕಳು. ಅವರಿಗೆ ಬರುತ್ತಿತ್ತು. ಗೊತ್ತಿರುವ ಮಾತಿನಿಂದ ಶುರು ಮಾಡಿದ್ದರೆ ಅದೇ ಮಕ್ಕಳು ಅದೇ ವಾರದಲ್ಲಿ ಗರಗಸ ಓದಿ ಮನೆಯೆಲ್ಲ ಕುಣಿದಾಡುತ್ತಿದ್ದವು. ತಾನು ದಡ್ಡ ಅಂತ ಮಗು ಒಮ್ಮೆ ತೀರ್ಮಾನ ಮಾಡಿಕೊಂಡರೆ ಅದನ್ನು ಅಳಿಸೋ ರಬ್ಬರು ಯಾವ ಅಂಗಡಿಯಲ್ಲೂ ಸಿಗೋದಿಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ? ಮಕ್ಕಳು ಹದಿನೇಳು ಅಂತಾರಾ, ಸೆವೆಂಟೀನ್ ಅಂತಾರಾ? ಸುಮ್ಮನೆ ಒಂದು ಸಲ ಕೇಳಿ ನೋಡಿ :-)