ರಣಭೇರಿಯೂ ಯುದ್ಧದ ಕಾದಂಬರಿಯೂ

ಯುದ್ಧದ ಕಾದಂಬರಿಯು ವಾಚಕರ ರಕ್ತವನ್ನು ಕುದಿಸಬೇಕು, ಅದರಲ್ಲಿ ಖಡ್ಗಗಳು ಝಳಪಿಸಬೇಕು, ತೋಫುಗಳು ಗರ್ಜಿಸಬೇಕು, ಕೊನೆಗೆ ಜಯಘೋಷವಾಗಬೇಕು, ಇವಿಲ್ಲದ ಕಾದಂಬರಿಯು ಹೇಡಿಗಳ ಕೃತಿಯೆಂದು ವಾದಿಸುವ ಮಹನೀಯರು ಎಲ್ಲ ದೇಶಗಳಲ್ಲಿಯೂ ಇರುವರು, ನಮ್ಮಲ್ಲಿಯೂ ಇರುವರು. ಸ್ವದೇಶಾಭಿಮಾನದಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೂ ಈ ವಾದವನ್ನು ನಾವು ಸರ್ವಥಾ ಒಪ್ಪಲಾರೆವು. ರಕ್ತವನ್ನು ಕುದಿಸುವದು ರಣಭೇರಿಯ ಕೆಲಸ. ಭೇರಿಗೆ ಚರ್ಮವಿದ್ದರೆ ಸಾಕು. ಕಾದಂಬರಿಗೆ ಕಣ್ಣು ಬೇಕು.

ಜರ್ಮನಿಯ ರೆಮಾರ್ಕನು 1929ರಲ್ಲಿ ಪ್ರಕಟಿಸಿದ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂಬ ಕಾದಂಬರಿಯನ್ನೇ ನೋಡಿರಿ. ಅದರಲ್ಲಿ ಕಾಲು ಕಳೆದುಕೊಂಡ ತರುಣನೊಬ್ಬನು ಆಸ್ಪತ್ರೆಯಲ್ಲಿ ಸಾಯುತ್ತಿರುವಾಗ ಗೆಳೆಯನೊಬ್ಬನ ದೃಷ್ಟಿಯು ಅವನ ಒಳ್ಳೆಯ ಬೂಟುಗಳ ಮೇಲೆ ನೆಡುವದು. ಇದು ಕ್ರೌರ್ಯವಲ್ಲ, ಸಾಯುವವನಿಗೆ ಬೂಟು ಬೇಡ, ಕಂದಕಕ್ಕೆ ಮರಳುವವನಿಗೆ ಬೇಕು. ಮುಂದೆ ಆ ಗೆಳೆಯನೂ ಸತ್ತು ಅವೇ ಬೂಟುಗಳು ಕಥಾನಾಯಕನ ಕಾಲಿಗೆ ಬರುವವು. ಕೊನೆಗೆ ಅವನೂ ಉಳಿಯುವದಿಲ್ಲ. ಒಂದು ಜೊತೆ ಬೂಟು ಹೇಳಿದಷ್ಟನ್ನು ಯಾವ ಸೇನಾಪತಿಯ ವರದಿಯು ಹೇಳೀತು? ವರದಿಯು ಬಿಟ್ಟುದನ್ನು ಹೇಳುವದೇ ಯುದ್ಧದ ಕಾದಂಬರಿಯ ಸಾರ್ಥಕತೆ ಎಂದು ನಮ್ಮ ಮತ.

ಯುದ್ಧವನ್ನು ಕಣ್ಣಾರೆ ಕಂಡವನೇ ಅದನ್ನು ಬರೆಯಬಲ್ಲನೆಂದು ಇನ್ನು ಕೆಲವರು ಹೇಳುವರು. ಅನುಭವಕ್ಕೆ ಬೆಲೆಯಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಅಮೇರಿಕೆಯ ಸ್ಟೀಫನ್ ಕ್ರೇನನು ಹುಟ್ಟಿದ್ದು 1871ರಲ್ಲಿ; ಆ ದೇಶದ ಅಂತರ್ಯುದ್ಧವು ಮುಗಿದದ್ದು 1865ರಲ್ಲಿ. ಆ ಯುದ್ಧವನ್ನು ಕುರಿತು 1895ರಲ್ಲಿ ಅವನು ಪ್ರಕಟಿಸಿದ ಕಾದಂಬರಿಯು ಇಂದಿಗೂ ಜೀವಂತವಾಗಿದೆ. ಅದರ ನಾಯಕನು ಮೊದಲು ಹೆದರಿ ಓಡುವನು. ಅವನ ತಲೆಗೆ ಗಾಯ ಮಾಡಿದ್ದು ಶತ್ರುವಿನ ಗುಂಡಲ್ಲ, ಓಡುತ್ತಿದ್ದ ಸ್ವಪಕ್ಷದವನ ಬಂದೂಕಿನ ಪೆಟ್ಟು. ಕ್ರೇನನು ರಣರಂಗವನ್ನು ಕಂಡಿರಲಿಲ್ಲ. ಭಯವೆಂಬುದನ್ನು ಮಾತ್ರ ಬಲ್ಲವನಾಗಿದ್ದನು.

ಸತ್ಯವನ್ನು ಬರೆದರೆ ಜನಾಂಗವು ನಿರ್ವೀರ್ಯವಾಗುವದೆಂಬ ಆಕ್ಷೇಪವು ಉಳಿಯಿತು. ನಾಜಿಗಳೂ ಹಾಗೆಯೇ ಎಣಿಸಿ 1933ರಲ್ಲಿ ರೆಮಾರ್ಕನ ಗ್ರಂಥವನ್ನು ಬೆಂಕಿಗೆ ಹಾಕಿದರು. ಯುದ್ಧವು ಸೋತುಹೋಯಿತೆಂದು ಆಡಿದ್ದಕ್ಕಾಗಿ 1943ರಲ್ಲಿ ಅವನ ತಂಗಿಯ ಶಿರಚ್ಛೇದ ಮಾಡಿದರು. ಇದರಿಂದ ಜರ್ಮನಿಯು ಬಲಗೊಂಡಿತೇ? 1945ರಲ್ಲಿ ಅದರ ಗತಿ ಏನಾಯಿತೆಂಬುದನ್ನು ಲೋಕವೇ ಕಂಡಿದೆ. ಇತ್ತ ಟಾಲ್‌ಸ್ಟಾಯನು ‘ಯುದ್ಧ ಮತ್ತು ಶಾಂತಿ’ಯಲ್ಲಿ 1812ರ ಬೊರೊಡಿನೊ ಕಾಳಗವನ್ನು, ಯುದ್ಧವನ್ನೇ ಅರಿಯದ ಬಿಳಿ ಟೊಪ್ಪಿಗೆಯ ನಾಗರಿಕನೊಬ್ಬನ ಕಣ್ಣಿನಿಂದ ತೋರಿಸಿದನು, ಹೊಗೆ, ಗೊಂದಲ, ಹೆಣಗಳನ್ನು ಮರೆಮಾಚಲಿಲ್ಲ. ರಶಿಯನ್ನರು ಅದರಿಂದ ಹೇಡಿಗಳಾಗಲಿಲ್ಲ. ಅದನ್ನು ತಮ್ಮ ರಾಷ್ಟ್ರದ ನಿಧಿಯೆಂದೇ ಕಾಯ್ದುಕೊಂಡು ಬಂದಿರುವರು.

ಇನ್ನೊಂದು ಮಾತನ್ನು ನಮ್ಮಂಥ ಲೇಖನಿ ಹಿಡಿದವರು ವಿಶೇಷವಾಗಿ ನೆನಪಿಡಬೇಕು. ರೆಮಾರ್ಕನ ಕಾದಂಬರಿಯಲ್ಲಿ ಕಂಟೊರೆಕ್ ಎಂಬ ಶಾಲಾ ಮಾಸ್ತರನು ಭಾಷಣ ಮಾಡಿ ಮಾಡಿ ತರಗತಿಯ ಹುಡುಗರನ್ನು ಸೈನ್ಯಕ್ಕೆ ಕಳಿಸುವನು. ಮನಸ್ಸಿಲ್ಲದೆ ಹಿಂಜರಿದು ಹೋದ ಹುಡುಗನೇ ಮೊದಮೊದಲು ಸತ್ತವರಲ್ಲಿ ಒಬ್ಬನು. ಭಾಷಣಕ್ಕೆ ಬೆಲೆ ತೆತ್ತವನು ಭಾಷಣಕಾರನಲ್ಲ. ದೇಶಕ್ಕಾಗಿ ಪ್ರಾಣವನ್ನು ಬೇಡುವವರು, ಬೇಡುವದು ಏನನ್ನೆಂದು ಮೊದಲು ತಿಳಿದಿರಬೇಕು. ಅದನ್ನು ತಿಳಿಸಿಕೊಡುವ ಕಾದಂಬರಿಯು ದೇಶದ್ರೋಹಿಯಲ್ಲ, ದೇಶದ ಹಿತೈಷಿ.

ಅದೇ ಮಹಾಯುದ್ಧದಲ್ಲಿ, 1918ರ ಸಪ್ಟೆಂಬರ 23ರಂದು, ಮೈಸೂರು ಸಂಸ್ಥಾನದ ಕುದುರೆ ಸವಾರರು ಹೈಫಾ ಪಟ್ಟಣವನ್ನು ಗೆಲ್ಲುವದರಲ್ಲಿ ಪಾಲ್ಗೊಂಡರು. ದಿಲ್ಲಿಯ ತೀನ್ ಮೂರ್ತಿಯಲ್ಲಿರುವ ಮೂರು ಮೂರ್ತಿಗಳಲ್ಲಿ ಒಂದು ಅವರ ಸ್ಮಾರಕವಾಗಿ ನಿಂತಿದೆ. ಆ ಸವಾರನ ಕಥೆಯನ್ನು ಬರೆಯಹೊರಡುವ ಕನ್ನಡಿಗನಲ್ಲಿ ನಮ್ಮ ಬಿನ್ನಹವಿಷ್ಟೆ: ಮೂರ್ತಿಯನ್ನು ನೋಡಿ ಬರೆಯಬೇಡಿರಿ. ಪರದೇಶದ ಬಿಸಿಲಿನಲ್ಲಿ ತನ್ನ ಕುದುರೆಗೆ ನೀರು ಹುಡುಕುವ, ಮನೆಯ ಕಾಗದಕ್ಕಾಗಿ ಕಾಯುವ ಆ ಮನುಷ್ಯನನ್ನು ನೋಡಿ ಬರೆಯಿರಿ. ಮೂರ್ತಿಗೆ ಹಾರ ಹಾಕುವವರು ಬಹುಜನರಿರುವರು. ಆ ಮನುಷ್ಯನಿಗೆ ಕಾದಂಬರಿಕಾರನ ಹೊರತು ಬೇರೆ ಯಾರೂ ಇಲ್ಲ.