ಬಿಟ್ಟಿ ಚಿಕಿತ್ಸೆ ಅಲ್ಲ ಅದು

ಹೈದರಾಬಾದ್‌ನ ಸನತ್‌ನಗರದ ನೌಕರರ ರಾಜ್ಯ ವಿಮಾ (ಇಎಸ್‌ಐ) ಆಸ್ಪತ್ರೆಯಂಥ ಕಡೆ ಉಚಿತ ಚಿಕಿತ್ಸೆ ಪಡೆಯುವವರು ವೈದ್ಯರನ್ನು ಪ್ರಶ್ನಿಸಬಾರದು ಎಂಬ ಲೇಖನವೊಂದರ ವಾದವನ್ನು ನಾನು ಒಪ್ಪುವುದಿಲ್ಲ. ಮೊದಲಿಗೆ, ಅದು ಉಚಿತವೇ ಅಲ್ಲ. ತಿಂಗಳಿಗೆ 20,000 ರೂಪಾಯಿ ದುಡಿಯುವ ಕಾರ್ಮಿಕನ ಸಂಬಳದಿಂದ ಶೇ 0.75ರಂತೆ 150 ರೂಪಾಯಿ ಮುರಿದುಕೊಳ್ಳುತ್ತಾರೆ. ಮಾಲೀಕ ಶೇ 3.25ರಂತೆ 650 ರೂಪಾಯಿ ಕಟ್ಟುತ್ತಾನೆ. ಕಾಯಿಲೆ ಬಾರದ ತಿಂಗಳೂ ಕಟ್ಟಿದ ಹಣವದು.

ಇನ್ನು, ಪುಕ್ಕಟೆಯೇ ಆಗಿದ್ದರೂ ವೈದ್ಯರ ಕರ್ತವ್ಯ ಎಳ್ಳಷ್ಟೂ ತಗ್ಗುತ್ತಿರಲಿಲ್ಲ. 2002ರ ವೈದ್ಯಕೀಯ ನೀತಿ ನಿಯಮಾವಳಿ ಹಣ ಕೊಟ್ಟವರು, ಕೊಡದವರು ಎಂದು ರೋಗಿಗಳನ್ನು ವಿಂಗಡಿಸಿಲ್ಲ. ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸದೆ, ಕುಗ್ಗಿಸದೆ ತಿಳಿಸಬೇಕು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎನ್ನುತ್ತದೆ ಅದು. ಅದರ ಬದಲಿಗೆ ಬಂದ 2023ರ ಹೊಸ ನಿಯಮಗಳನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ತಡೆಹಿಡಿದ ಮೇಲೆ ಹಳೆಯದೇ ಜಾರಿಯಲ್ಲಿದೆ.

ಹೊರರೋಗಿ ವಿಭಾಗದ ನೂಕುನುಗ್ಗಲು ನಿಜ, ವೈದ್ಯರ ದಣಿವೂ ನಿಜ. ಅದಕ್ಕೆ ಹೆಚ್ಚು ವೈದ್ಯರನ್ನು ನೇಮಿಸಿ ಎಂದು ಲೇಖಕರು ಇಎಸ್‌ಐ ನಿಗಮವನ್ನು ಒತ್ತಾಯಿಸಬೇಕಿತ್ತು. ಬದಲಿಗೆ ಅವರು ಬಾಯಿ ಮುಚ್ಚಿಸಲು ಹೊರಟಿದ್ದು ರೋಗಿಯನ್ನು. ಬೀದರ್, ಯಾದಗಿರಿ ಕಡೆಯಿಂದ ಬಂದು ತೆಲುಗು ಅರೆಬರೆ ಬಲ್ಲ ಹೆಣ್ಣುಮಗಳು ‘ಏನಾಗ್ಯಾದ್ರೀ ಡಾಕ್ಟ್ರೇ?’ ಎಂದು ಎರಡನೇ ಸಲ ಕೇಳಿದರೆ ಅದು ಉದ್ಧಟತನವೇ? ಸಾಕಷ್ಟು ಮಾಹಿತಿ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆಕೆಗೆ ಅರ್ಥವಾಗುವವರೆಗೆ ವಿವರಿಸುವುದೂ ಚಿಕಿತ್ಸೆಯ ಭಾಗವೇ.