ಒತ್ತಡ ದೊಡ್ಡವರ ಕಾಯಿಲೆಯೇ?

‘ಟೆನ್ಷನ್’ ಎಂಬ ಪದ ಈಗ ಕನ್ನಡದ್ದೂ ಹೌದು, ಉರ್ದುವಿನದ್ದೂ ಹೌದು, ತೆಲುಗಿನದ್ದೂ ಹೌದು. ಚಿಂತಾಮಣಿಯ ಬಸ್‌ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಮೂರೂ ಭಾಷೆಗಳಲ್ಲಿ ಅದು ಕಿವಿಗೆ ಬೀಳುತ್ತದೆ. ಆದರೂ ಒತ್ತಡದ ಬಗ್ಗೆ ಮಾತು ಬಂದಾಗ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾರದು ಹೇಳಿ? ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕಂಪ್ಯೂಟರ್ ಮುಂದೆ ತಲೆ ಹಿಡಿದು ಕುಳಿತ ಇಂಜಿನಿಯರ್. ಇಲ್ಲವೇ ಎರಡು ಫೋನ್ ಹಿಡಿದು ಓಡಾಡುವ ದೊಡ್ಡ ಅಧಿಕಾರಿ. ಒತ್ತಡವೆಂದರೆ ದೊಡ್ಡ ಸಂಬಳದ ಜೊತೆಗೆ ಬರುವ ಕಾಯಿಲೆ, ಬಡವನಿಗೆ ಹಸಿವು ಮಾತ್ರ, ಟೆನ್ಷನ್ ಎಲ್ಲಿಂದ ಎಂದು ತಿಳಿದವರು ನಮ್ಮಲ್ಲಿ ಬಹಳ.

ಓದುಗರೇ, ಇದು ನಿಜವೇ ಎಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ತನಕ ಬಂದರೆ ಸಾಕು.

ಶಿಡ್ಲಘಟ್ಟ ರೇಷ್ಮೆಯ ಊರು. ಅಲ್ಲಿನ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಸುತ್ತಲ ಹಳ್ಳಿಗಳ ರೈತರು ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡು ತರುತ್ತಾರೆ. ಪಟ್ಟಣದ ರೀಲರ್‌ಗಳು ಅದನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚಿಸುತ್ತಾರೆ. ಈ ನೂಲು ಬಿಚ್ಚಾಣಿಕೆಯಲ್ಲಿ ಮುಸ್ಲಿಮ್ ಕುಟುಂಬಗಳೇ ಬಹುಪಾಲು ಎಂಬುದು ಆ ಕಡೆಯ ಓದುಗರಿಗೆ ಗೊತ್ತಿದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ಆ ಒಂದು ಕಿಲೋ ನೂಲಿನ ಹಿಂದೆ ಎಷ್ಟು ಜನರ ನಿದ್ದೆ ಹೋಗಿರುತ್ತದೆ ಎಂದು ಲೆಕ್ಕ ಹಾಕಿದ್ದೀರಾ?

ಮೊದಲು ರೈತನ ಮನೆ. ಸುಮಾರು 25 ದಿನ ಹುಳುವಿನ ಹಿಂದೆಯೇ ಮನೆಮಂದಿಯೆಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮ ರೈತರು ಇದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ಅದರ ಹಸಿವಿಗೆ ಹಗಲು ರಾತ್ರಿಯೆಂಬುದಿಲ್ಲ. ಸೊಪ್ಪು ಕೊಯ್ಯಬೇಕು, ಹಾಕಬೇಕು, ಕಸ ತೆಗೆಯಬೇಕು. ಹಾಲುತೊಂಡೆಯೋ ಸುಣ್ಣಕಟ್ಟೋ ಬಂದರೆ ಎರಡು ಮೂರು ದಿನದಲ್ಲಿ ಇಡೀ ಬೆಳೆ ಹೋಗುತ್ತದೆ. ಗೂಡು ಬಂದ ಮೇಲೂ ನೆಮ್ಮದಿಯಿಲ್ಲ. ಬೆಲೆ ಕಡಿಮೆಯೆಂದು ಇಟ್ಟುಕೊಳ್ಳುವಂತಿಲ್ಲ. ಇಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ಗೂಡು ಕೆಲಸಕ್ಕೆ ಬಾರದಾಗುತ್ತದೆ. ಆದ್ದರಿಂದ ಆ ದಿನ ಮಾರುಕಟ್ಟೆ ಹೇಳಿದ್ದೇ ಬೆಲೆ. ಚಿಂತಾಮಣಿಯ ಟೊಮೆಟೊ ರೈತನ ಕಥೆಯೂ ಇದೇ, ಚಿಕ್ಕಬಳ್ಳಾಪುರದ ಹೂವಿನ ರೈತನದೂ ಇದೇ. ಕೆಡುವ ಸರಕು ಹಿಡಿದವನಿಗೆ ಚೌಕಾಶಿಯ ಶಕ್ತಿ ಎಲ್ಲಿ?

ಇನ್ನು ಸಣ್ಣ ರೀಲರ್. ಹೊರಗಿನವರ ಕಣ್ಣಿಗೆ ಇವನು ಮಾಲೀಕ, ಸಾಹುಕಾರ. ಆದರೆ ಗೂಡು ಕೊಳ್ಳಲು ಅವನ ಕೈಯಲ್ಲಿ ಬೆಳಿಗ್ಗೆಯೇ ಹಣವಿರಬೇಕು. ನೂಲು ಮಾರಿದ ಹಣ ಕೈಗೆ ಬರುವುದು ಎಂದೋ. ಈ ನಡುವಿನ ದಿನಗಳನ್ನು ಅವನು ಸಾಲದ ಮೇಲೆ ದಾಟುತ್ತಾನೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ಇಲ್ಲಿ ನೂಲಿನ ಬೆಲೆಯೂ ಗೂಡಿನ ಬೆಲೆಯೂ ಕುಸಿದವು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಆ ಎರಡು ವರ್ಷಗಳಲ್ಲಿ ಸಾಲ ಮಾಡಿಕೊಂಡ ಮನೆಗಳಲ್ಲಿ ಹೆಂಡತಿ ಮಕ್ಕಳ ಮೇಲೆ ಸುರಿದ ಸಿಟ್ಟಿಗೆ ಕಾರಣ ಗಂಡಸಿನ ಮೂಗಿನ ತುದಿಯ ಕೋಪ ಮಾತ್ರವೇ? ದೆಹಲಿಯಲ್ಲಿ ಬರೆದ ಒಂದು ಸಾಲು ಶಿಡ್ಲಘಟ್ಟದ ಅಡುಗೆಮನೆಯಲ್ಲಿ ಜಗಳವಾಗಿ ಕೇಳಿಸುತ್ತದೆ. ಹಾಗೆಂದು ಕೈ ಎತ್ತುವವನಿಗೆ ಅದು ನೆಪವಾಗದು, ಇದನ್ನೂ ಹೇಳಿಬಿಡುತ್ತೇನೆ.

ಕೊನೆಗೆ ಕೂಲಿಯ ಹೆಣ್ಣುಮಗಳು. ಬಿಸಿ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯಬೇಕು. ಕೂದಲಿಗಿಂತ ನವಿರಾದ ಎಳೆ. ಹಲವು ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಎಳೆ ಮುಗಿದರೆ ತಕ್ಷಣ ಇನ್ನೊಂದನ್ನು ಕೊಡಬೇಕು, ಇಲ್ಲದಿದ್ದರೆ ನೂಲು ತೆಳುವಾಯಿತೆಂದು ಬೈಗುಳ. ಕಣ್ಣು ಕದಲಿಸುವಂತಿಲ್ಲ, ರಾಟೆ ಅವಳಿಗಾಗಿ ನಿಲ್ಲುವುದಿಲ್ಲ. ಇಡೀ ದಿನ ನೀರಿನಲ್ಲಿದ್ದು ಬೆರಳುಗಳು ಬಿಳುಚಿ, ಚರ್ಮ ಸುಲಿದು ಹುಣ್ಣಾಗುತ್ತವೆ. ಸತ್ತ ಹುಳುವಿನ ವಾಸನೆ, ಹಬೆ, ಕೆಲವರಿಗೆ ಉಬ್ಬಸ. ಮನೆಗೆ ಹೋದರೆ ಅದೇ ಕೈಯಲ್ಲಿ ಖಾರದ ಪುಡಿ ಮುಟ್ಟಬೇಕು. ಇವಳಿಗೆ ‘ಟೆನ್ಷನ್’ ಇಲ್ಲವೆನ್ನುತ್ತೀರಾ?

ಇದು ಬರೀ ಕರುಣೆಯ ಮಾತಲ್ಲ, ವಿಜ್ಞಾನವೂ ಇದನ್ನೇ ಹೇಳುತ್ತದೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ವೈಟ್‌ಹಾಲ್ ಅಧ್ಯಯನವೆಂದು ಅದು ಪ್ರಸಿದ್ಧ. ಸುಮಾರು 18 ಸಾವಿರ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಹೃದಯಾಘಾತ ದೊಡ್ಡ ಅಧಿಕಾರಿಗಳಿಗೇ ಹೆಚ್ಚೆಂದು ಆಗ ಎಲ್ಲರೂ ನಂಬಿದ್ದರು. ಫಲಿತಾಂಶ ತಿರುಗುಮುರುಗಾಯಿತು! ಅತಿ ಕೆಳದರ್ಜೆಯ ನೌಕರರ ಸಾವಿನ ಪ್ರಮಾಣ ಅತಿ ಮೇಲಿನವರಿಗಿಂತ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟಿನ ಲೆಕ್ಕ ತೆಗೆದ ಮೇಲೂ ವ್ಯತ್ಯಾಸ ಉಳಿಯಿತು. 1985ರಲ್ಲಿ ಆರಂಭವಾದ ಎರಡನೇ ಅಧ್ಯಯನದಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು ನೋಡಿದಾಗ ಒಂದು ಕಾರಣ ಸ್ಪಷ್ಟವಾಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಿಗೆ ಹೃದಯದ ಕಾಯಿಲೆ ಹೆಚ್ಚು. ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸ 1979ರಲ್ಲೇ ಇದನ್ನು ಸೂತ್ರದಂತೆ ಹೇಳಿದ್ದರು: ಕೆಲಸದ ಬೇಡಿಕೆ ಬಹಳ, ನಿರ್ಧಾರದ ಅಧಿಕಾರ ಕಡಿಮೆ, ಆಗ ಒತ್ತಡ ವಿಷವಾಗುತ್ತದೆ. ಇದನ್ನು ಓದುವಾಗ ನನಗೆ ರೀಲಿಂಗ್ ಘಟಕದ ಜೊತೆಗೆ ಅತ್ತೆಮನೆಯ ಹೊಸ ಸೊಸೆಯೂ ನೆನಪಾಗುತ್ತಾಳೆ. ಕೆಲಸವೆಲ್ಲ ಅವಳದು, ಯಾವ ಸಾರು ಮಾಡಬೇಕೆಂಬ ತೀರ್ಮಾನ ಮಾತ್ರ ಬೇರೆಯವರದು.

ದೇಹದೊಳಗೆ ಏನಾಗುತ್ತದೆ ಎಂಬುದನ್ನು ಚುಟುಕಾಗಿ ಹೇಳುವುದಾದರೆ, ಹೆದರಿಕೆಯಾದಾಗ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ಸಕ್ಕರೆ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ವರದಾನ. ಆದರೆ ಕಂತಿನ ದಿನ ವಾರವಾರವೂ ಬರುವ ನಾಯಿಯಾದರೆ? ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಎಚ್ಚರಿಕೆಯ ಸ್ಥಿತಿ ಮುಗಿಯದೆ ಮುಂದುವರಿದರೆ ದೇಹವೇ ಸವೆಯುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಕಂತಿನ ಮಾತು ಬಂದಿತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ನಮ್ಮ ಮಹಿಳೆಯರ ಇಂದಿನ ಒತ್ತಡದ ದೊಡ್ಡ ಪಾಲು ಇಲ್ಲಿದೆ. 2009ರಲ್ಲಿ ಕೋಲಾರ, ರಾಮನಗರ, ಮೈಸೂರು ಕಡೆ ಕಿರುಸಾಲದ ಸಂಸ್ಥೆಗಳ ವಿರುದ್ಧ ದೊಡ್ಡ ಬಿಕ್ಕಟ್ಟೇ ಎದ್ದಿತು. ಒಂದೇ ಮನೆಗೆ ನಾಲ್ಕೈದು ಸಂಸ್ಥೆಗಳ ಸಾಲ, ವ್ಯಾಪಾರದ ಕುಸಿತ, ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರ ಬೈಗುಳ. ಕಂತು ಕಟ್ಟಬೇಡಿರೆಂದು ಸ್ಥಳೀಯ ಮುಸ್ಲಿಮ್ ಸಮಿತಿಗಳೇ ಕರೆ ಕೊಡುವ ಹಂತಕ್ಕೆ ಅದು ಹೋಯಿತು. ಸಾಲ ಪಡೆದು ಕಟ್ಟದಿರುವುದನ್ನು ನಾನು ಸರಿಯೆನ್ನಲಾರೆ. ಆದರೆ ಅಷ್ಟು ಜನ ಮರ್ಯಾದಸ್ಥ ಹೆಣ್ಣುಮಕ್ಕಳು ಆ ಸ್ಥಿತಿಗೆ ಬರಬೇಕಾದರೆ ಅದರ ಮುಂಚಿನ ರಾತ್ರಿಗಳು ಹೇಗಿದ್ದವೆಂದು ಯೋಚಿಸಿ.

ಹಣದ ಚಿಂತೆ ಬುದ್ಧಿಯನ್ನೇ ಕಟ್ಟಿಹಾಕುತ್ತದೆ ಎಂಬುದಕ್ಕೆ ನಮ್ಮ ನೆರೆಯ ತಮಿಳುನಾಡಿನಲ್ಲೇ ಸಾಕ್ಷಿಯಿದೆ. ಅಲ್ಲಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುನ್ನ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಬುದ್ಧಿಶಕ್ತಿಯ ಸಣ್ಣ ಪರೀಕ್ಷೆಗಳನ್ನು ಕೊಟ್ಟರು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಅದೇ ರೈತ ಕೈ ಬರಿದಾಗಿದ್ದಾಗ ಕಡಿಮೆ ಅಂಕ ಪಡೆದಿದ್ದ. ಮನುಷ್ಯ ಅವನೇ, ತಲೆಯೂ ಅದೇ. ಆದ್ದರಿಂದ ಒಂದು ಮಾತು ನೆನಪಿಡಿ: ಕಂತು ಕಟ್ಟಲಾಗದ ಹಿಂದಿನ ರಾತ್ರಿ ಹೊಸ ಸಾಲದ ಕಾಗದಕ್ಕೆ ಸಹಿ ಮಾಡಬೇಡಿ. ಮಗಳ ಮದುವೆಯ ಮಾತು, ಚಿನ್ನ ಅಡವಿಡುವ ಮಾತು, ಯಾವ ದೊಡ್ಡ ತೀರ್ಮಾನವೂ ಆ ರಾತ್ರಿ ಬೇಡ.

ಹಾಗಾದರೆ ಏನು ಮಾಡಬೇಕು? ‘ಯೋಚನೆ ಮಾಡಬೇಡಿ, ಖುಷಿಯಾಗಿರಿ’ ಎಂದು ಬರೆದು ಪುಟ ತುಂಬಿಸಬಹುದು. ಅದರಿಂದ ಯಾರ ಕಂತೂ ಕಡಿಮೆಯಾಗುವುದಿಲ್ಲ. ಒತ್ತಡದ ಬೇರು ಹಿಡಿತ ತಪ್ಪಿರುವುದಾದರೆ, ಎಲ್ಲಿ ಸ್ವಲ್ಪವಾದರೂ ಹಿಡಿತ ಸಿಗುತ್ತದೋ ಅಲ್ಲಿಂದ ಆರಂಭಿಸಬೇಕು.

ಸಾಲವಿರುವ ಸಹೋದರಿಯರು ಮೊದಲು ನಿಯಮ ತಿಳಿಯಿರಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಕಿರುಸಾಲದ ವಸೂಲಿಗಾರರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರನ್ನು ಕರೆಯುವಂತಿಲ್ಲ. ಬೈಗುಳ, ಬೆದರಿಕೆ, ನೆಂಟರಿಗೆ ಕಾಟ ಕೊಡುವಂತಿಲ್ಲ. ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂಬ ಮಿತಿಯೂ ಅದರಲ್ಲಿದೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವೂ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು, ಅದರಲ್ಲಿ 10 ವರ್ಷದವರೆಗೆ ಜೈಲು ಶಿಕ್ಷೆಯಿದೆ. ರಾತ್ರಿ ಎಂಟಕ್ಕೆ ಬಾಗಿಲು ಬಡಿಯುವವನು ತಪ್ಪು ಮಾಡುತ್ತಿದ್ದಾನೆ ಎಂದು ಗೊತ್ತಿರುವುದೇ ಅರ್ಧ ಧೈರ್ಯ. ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆದು ಪತಿಯೊಂದಿಗೆ ಕುಳಿತು ನೋಡಿ. ಮುಚ್ಚಿಟ್ಟ ಸಾಲ ಬಡ್ಡಿಗಿಂತ ಬೇಗ ಬೆಳೆಯುತ್ತದೆ.

ರೀಲಿಂಗ್ ಘಟಕ ಇಟ್ಟಿರುವ ಸಹೋದರರಿಗೆ ಒಂದು ಮಾತು. ಕೂಲಿ ಹೆಚ್ಚಿಸಲು ಮಾರುಕಟ್ಟೆ ಬಿಡುವುದಿಲ್ಲವೆನ್ನುತ್ತೀರಿ, ಇರಲಿ. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ರಾಟೆ ನಿಲ್ಲಿಸಲು ಯಾರ ಅಪ್ಪಣೆ ಬೇಕು? ಕೈ ಒರೆಸಿಕೊಂಡು ಎಣ್ಣೆ ಹಚ್ಚಲು, ನೀರು ಕುಡಿಯಲು, ನಮಾಝ್ ಮಾಡುವವರು ಮಾಡಲು. ಹಬೆ ಹೊರಹೋಗಲು ಒಂದು ಕಿಟಕಿ. ಕೆಲಸದವಳ ಹೆಸರು ಹಿಡಿದು ಕರೆಯುವುದು. ಕೆಲಸದ ಜಾಗದಲ್ಲಿ ಆಸರೆಯ ಮಾತು ಸಿಕ್ಕವರಿಗೆ ಅದೇ ಒತ್ತಡ ಕಡಿಮೆ ಹಾನಿ ಮಾಡುತ್ತದೆ ಎಂಬುದೂ ಇದೇ ಕ್ಷೇತ್ರದ ಅಧ್ಯಯನಗಳು ಕಂಡುಕೊಂಡ ಸತ್ಯ.

ಗೌರಿಬಿದನೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರ ಕಷ್ಟ ಬೇರೆ. ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್, ದಾರಿಯಲ್ಲಿ ನಾಲ್ಕು ಗಂಟೆ, ಮನೆಗೆ ಬಂದರೆ ಪಾತ್ರೆ. ಇವರಿಗೆ ನಾನು ಯೋಗ ಮಾಡಿ, ವಾಕಿಂಗ್ ಹೋಗಿ ಎಂದು ಹೇಳಿದರೆ ನಗುತ್ತಾರೆ. ಇವರಿಗೆ ಬೇಕಾದದ್ದು ನಿದ್ದೆ. ಆ ನಿದ್ದೆಯನ್ನು ಕೊಡಬೇಕಾದವರು ಮನೆಯವರು. ಅವಳು ಬರುವಷ್ಟರಲ್ಲಿ ಅಕ್ಕಿ ತೊಳೆದಿಡಲು ಗಂಡನಿಗಾಗಲಿ ಬೆಳೆದ ಮಗನಿಗಾಗಲಿ ಕೈ ನೋಯುವುದಿಲ್ಲ. ರೈಲಿನಲ್ಲಿ ಮೊಬೈಲ್ ಒಳಗಿಟ್ಟು ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡುತ್ತಾ ಐದು ನಿಮಿಷ ಕೂರಬಹುದು. ಎದೆ ಬಡಿತ ಇಳಿಯುತ್ತದೆ, ಖರ್ಚಿಲ್ಲ.

ನಮ್ಮಲ್ಲಿ ಮಾತ್ರ ಇರುವ ಇನ್ನೊಂದು ತೊಂದರೆಯನ್ನೂ ಹೇಳಬೇಕು. ನಿದ್ದೆ ಬರುತ್ತಿಲ್ಲ, ಮನಸ್ಸು ಸರಿಯಿಲ್ಲ ಎಂದು ಹೆಣ್ಣುಮಗಳು ಬಾಯಿಬಿಟ್ಟರೆ ಹಿರಿಯರ ಉತ್ತರ ಸಿದ್ಧ: ‘ಸಬ್ರ್ ಮಾಡು ಬೇಟಿ.’ ಇನ್ನು ಕೆಲವರು ‘ಈಮಾನ್ ಕಮ್ಮಿ, ಅದಕ್ಕೇ ಹೀಗೆ’ ಎಂದು ಮೇಲೊಂದು ಏಟು ಕೊಡುತ್ತಾರೆ. ಸಕ್ಕರೆ ಕಾಯಿಲೆ ಬಂದ ಅಬ್ಬಾಗೆ ಯಾರೂ ಹೀಗೆ ಹೇಳುವುದಿಲ್ಲ, ಮಾತ್ರೆ ತಂದುಕೊಡುತ್ತಾರೆ. ತಾಳ್ಮೆಯೆಂದರೆ ಬಾಯಿ ಮುಚ್ಚಿಕೊಂಡು ಒಳಗೇ ಬೇಯುವುದು ಎಂದು ಯಾರು ಹೇಳಿದರು? ದುಆ ಮಾಡುವ ಕೈಯೇ ಔಷಧಿಯ ಚೀಟಿಯನ್ನೂ ಹಿಡಿಯಬಹುದು.

ಎರಡು ವಾರಕ್ಕೂ ಮಿಕ್ಕಿ ನಿದ್ದೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಕಾರಣವಿಲ್ಲದೆ ಅಳು ಬಂದರೆ, ಮಕ್ಕಳ ಮುಖ ನೋಡಿದರೂ ಏನೂ ಅನಿಸದಿದ್ದರೆ ಅದು ಬರೀ ಟೆನ್ಷನ್ ಅಲ್ಲ, ವೈದ್ಯರನ್ನು ಕಾಣಬೇಕು. ಸಾಯಬೇಕೆಂಬ ಯೋಚನೆ ಬಂದರಂತೂ ಎರಡು ವಾರ ಕಾಯಬಾರದು, ಅಂದೇ ಹೇಳಬೇಕು. ಎದೆ ನೋವನ್ನು ಮಾತ್ರ ಒತ್ತಡವೆಂದು ನೀವೇ ತೀರ್ಮಾನಿಸದೆ ಮೊದಲು ಆಸ್ಪತ್ರೆಗೆ ಹೋಗಿ.

ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕೆಂದಿಲ್ಲ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯಿಂದಲೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರಕ್ಕೂ ತನ್ನದೇ ಜಿಲ್ಲಾ ಆಸ್ಪತ್ರೆಯಿದೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ ಯೋಜನೆ ರಾಜ್ಯದಲ್ಲಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಿಂದ ಹೊರಬರುವುದೇ ಕಷ್ಟವಾದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮನಸ್‌ಗೆ ಫೋನ್ ಮಾಡಬಹುದು. ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಬುಕ್ ಮಾಡುವ ಸಂಖ್ಯೆಯ ಕೆಳಗೆ ಬರೆದಿಡಿ.